ಒಂದನೇ ತಾರೀಖಿನ ಸಂಬಳ

೯ ಮಾರ್ಚ್, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಸಣ್ಣಿಯ ನಮಸ್ಕಾರ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಮೊದಲು ಮನಸ್ಸಿನಲ್ಲೇ ನನ್ನ ಕಿವಿ ಹಿಂಡಿಬಿಡು, ಆಮೇಲೆ ಮುಂದಕ್ಕೆ ಓದು. ಬರೆಯಲು ಕೂತಾಗಲೆಲ್ಲ ‘ಸಿಹಿಸುದ್ದಿ ಇವತ್ತು ನಾಳೆ ಬರುತ್ತದೆ, ಎಲ್ಲ ಒಟ್ಟಿಗೇ ಬರೆದರಾಯಿತು’ ಎಂದು ಪೆನ್ನು ಮುಚ್ಚಿಡುತ್ತಿದ್ದೆ. ಸಿಹಿಸುದ್ದಿ ಬರಲಿಲ್ಲ. ಫೋನ್ ಮಾಡೋಣವೆಂದರೆ, ನಿನ್ನ ಕಿವಿಗೆ ಬೀಳುವಷ್ಟು ಜೋರಾಗಿ ಮಾತಾಡಿದರೆ ನಮ್ಮ ಮಹಡಿಯ ಅಷ್ಟೂ ಮನೆಯವರ ಕಿವಿಗೆ ಬೀಳುತ್ತದೆ. ಇದು ಅವರು ಕೇಳುವಂಥ ಸಂಗತಿಯಲ್ಲ.

ನಿನ್ನ ಮಂಡಿ ನೋವು ಹೇಗಿದೆ? ನಾನು ಮಾಡಿಕೊಟ್ಟ ಮೇಲಿನ ಹಲ್ಲುಸೆಟ್ಟು ಇನ್ನೂ ಒತ್ತುತ್ತಿದೆಯೇ? ಒತ್ತುತ್ತದೆಂದು ಡಬ್ಬಿಯಲ್ಲಿಟ್ಟು ಬೊಚ್ಚುಬಾಯಲ್ಲಿ ಓಡಾಡಬೇಡ. ಎಲ್ಲಿ ಒತ್ತುತ್ತದೆ ಎಂದು ಬರೆ, ಮುಂದಿನ ಸಲ ಬಂದಾಗ ಅರ್ಧ ಗಂಟೆಯಲ್ಲಿ ಉಜ್ಜಿ ಸರಿಮಾಡುತ್ತೇನೆ. ಊರವರಿಗೆಲ್ಲ ಹಲ್ಲು ಮಾಡಿಕೊಡುವವಳ ಅಕ್ಕ ಗಂಜಿ ಕುಡಿದುಕೊಂಡಿದ್ದಾಳೆ ಎಂದರೆ ನನ್ನ ಮರ್ಯಾದೆ ಏನಾಗಬೇಕು!

ನಮ್ಮ ಹಲ್ಲಿನ ಲ್ಯಾಬಿನ ವಿಷಯ ನಿನಗೆ ಗೊತ್ತೇ ಇದೆ. ಲ್ಯಾಬಿನ ಒಡೆಯರಾದ ದೊಡ್ಡಯ್ಯನವರಿಗೆ ಈ ವರ್ಷ ಕೈ ನಡುಗುವುದು ಹೆಚ್ಚಾಗಿದೆ. ಮೇಣದಲ್ಲಿ ಹಲ್ಲು ಕೂರಿಸುವಾಗ ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಡಿದುಕೊಂಡು ಕೆಲಸ ಮಾಡುತ್ತಾರೆ. ಎರಡು ವರ್ಷದ ಹಿಂದೆಯೇ ನನ್ನನ್ನು ಕೂರಿಸಿಕೊಂಡು, “ನೋಡಮ್ಮ, ಈ ಹಲ್ಲು ಸುಡೋ ಒಲೆ, ಈ ಮೆಷಿನ್ನು, ಈ ಗಿರಾಕಿ ಡಾಕ್ಟರುಗಳು, ಎಲ್ಲ ನಿನಗೇ ಅಂತ ಇಟ್ಟಿದೀನಿ. ಬೇರೆಯವರು ಜಾಸ್ತಿ ಕೊಡ್ತೀವಿ ಅಂತಿದಾರೆ. ನೀನು ಬ್ಯಾಂಕ್ ಸಾಲಕ್ಕೆ ಓಡಾಡು,” ಎಂದಿದ್ದರು. ಬೆಲೆಯ ಕಾಲುಭಾಗ ನಾವು ಹಾಕಬೇಕು, ಉಳಿದದ್ದನ್ನು ಬ್ಯಾಂಕು ಕೊಡುತ್ತದೆ. ಆ ಕಾಲುಭಾಗಕ್ಕೆಂದೇ ನನ್ನ ಸಂಬಳದಲ್ಲಿ ಮನೆ ನಡೆಸಿ, ಇವರ ಡ್ರೈವಿಂಗ್ ಸ್ಕೂಲಿನ ಸಂಬಳವನ್ನು ಮುಟ್ಟದೆ ಕೂಡಿಡುತ್ತಿದ್ದೆವು. ಐದು ಲಕ್ಷ ಆಗಿತ್ತು ಅಕ್ಕ. ನಮ್ಮ ಜನ್ಮದಲ್ಲಿ ಒಟ್ಟಿಗೆ ಅಷ್ಟು ಕಂಡದ್ದು ಅದೇ ಮೊದಲು.

ಬ್ಯಾಂಕಿಗೆ ಹೋಗುವ ದಿನ ಇವರು ಶೂ ಹಾಕಿಕೊಳ್ಳುತ್ತಾ, “ಇನ್ನೊಂದು ಆರು ತಿಂಗಳು ತಡೀಬಾರ್ದಾ? ಬಡ್ಡಿ ಇಳಿಯುತ್ತಂತೆ,” ಎಂದರು. “ದೊಡ್ಡಯ್ಯನವರ ಕೈ ಆರು ತಿಂಗಳು ತಡೆಯಲ್ಲ ಕಣ್ರೀ,” ಎಂದು ನಗುತ್ತಾ ಹೊರಟೆ.

ಸಾಲದ ಮೇಜಿನಲ್ಲಿ ಕೂತಿದ್ದವಳು ಚಿಕ್ಕ ಹುಡುಗಿ. ನನಗೆ ಯಾರನ್ನು ಕಂಡರೂ ಮುಖಕ್ಕಿಂತ ಮೊದಲು ಹಲ್ಲೇ ಕಾಣುವುದಲ್ಲವೇ, ಅವಳು ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದಳು. ಒಳ್ಳೆಯ ಕೆಲಸ. ‘ಇನ್ನೆಷ್ಟು ತಿಂಗಳಮ್ಮ?’ ಎಂದು ಕೇಳಬೇಕು ಎನ್ನುವಷ್ಟರಲ್ಲಿ ಅವಳೇ, “ಮೇಡಂ, ನಿಮ್ಮ ಕ್ರೆಡಿಟ್ ಸ್ಕೋರ್ ಒಂಬೈನೂರಕ್ಕೆ ಐನೂರ ಎಪ್ಪತ್ತಿದೆ. ಇದರ ಮೇಲೆ ಸಾಲ ಕೊಡೋಕೆ ಆಗಲ್ಲ,” ಎಂದಳು.

“ಇಲ್ಲಮ್ಮ, ಅದು ಬೇರೆ ಯಾರದೋ ಇರಬೇಕು. ನನ್ನ ಹತ್ರ ಇರೋದು ಒಂದೇ ಕ್ರೆಡಿಟ್ ಕಾರ್ಡು. ಎಂಟು ವರ್ಷದಿಂದ ಒಂದು ಸಲಾನೂ ತಡವಾಗಿ ಕಟ್ಟಿದವಳಲ್ಲ. ನಾಲ್ಕು ವರ್ಷದ ಹಿಂದೆ ನಿಮ್ಮ ಬ್ಯಾಂಕಿನವರೇ ನಿಮ್ಮಂಥ ಗಿರಾಕಿ ಇಲ್ಲ ಅಂದಿದ್ರು.”

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಹೆಸರು ನನ್ನದೇ, ಹುಟ್ಟಿದ ತಾರೀಖು ನನ್ನದೇ. ಕೆಳಗೆ ತಿಂಗಳಿಗೊಂದರಂತೆ ಪುಟ್ಟ ಪುಟ್ಟ ಚೌಕಗಳು. ಡಾಕ್ಟರುಗಳು ನಮ್ಮ ಲ್ಯಾಬಿಗೆ ಕಳಿಸುವ ಎಕ್ಸ್‌ರೇ ಹಾಗೇ ಇತ್ತು ಅಕ್ಕ: ಮೊದಲ ಸಾಲೆಲ್ಲ ಗಟ್ಟಿಮುಟ್ಟು, ಆಮೇಲೆ ಒಂದೊಂದೇ ಹುಳುಕು, ಕೊನೆಗೆ ಮೂರು ಚೌಕ ಪೂರ್ತಿ ಕೆಂಪು. ಕಟ್ಟಬೇಕಾದ ಮೊತ್ತ ಐದು ಲಕ್ಷ ಎಂಬತ್ತು ಸಾವಿರ ಎಂದಿತ್ತು. ನನ್ನ ಕಾರ್ಡಿನ ಲಿಮಿಟ್ಟೇ ಒಂದು ಲಕ್ಷ ಅಲ್ಲವೇ ಎಂದೆ. “ಎರಡು ಸಲ ಏರಿಸಿದೀವಿ ಮೇಡಂ. ಮೆಸೇಜ್ ಕಳಿಸಿದ್ವಿ, ನಿಮ್ಮ ಕಡೆಯಿಂದ ಒಪ್ಪಿಗೆ ಬಂದಿದೆ.”

ಮೆಸೇಜು ಇವರ ಫೋನಿಗೆ ಹೋಗುತ್ತದೆ. ಇಡೀ ದಿನ ನನ್ನ ಕೈ ಪ್ಲಾಸ್ಟರಿನಲ್ಲಿ ಅದ್ದಿರುತ್ತದೆಂದು, ಕಾರ್ಡಿಗೆ ಇವರ ನಂಬರನ್ನೇ ಕೊಟ್ಟಿದ್ದೆ. ಎರಡು ವರ್ಷದಿಂದ ಬಿಲ್ಲು ನೋಡಿ ಕಟ್ಟುವುದನ್ನೂ ಇವರಿಗೇ ಬಿಟ್ಟಿದ್ದೆ. ಪೆಟ್ರೋಲು ಹಾಕಿಸಲು ಅನುಕೂಲವಾಗಲೆಂದು ನನ್ನ ಕಾರ್ಡಿಗೇ ಸೇರಿದ ಇನ್ನೊಂದು ಜೊತೆ ಕಾರ್ಡನ್ನು ಇವರಿಗೆ ಮಾಡಿಸಿಕೊಟ್ಟವಳೂ ನಾನೇ.

ಆ ಹುಡುಗಿ ಪಾಪ, ಸಾವಧಾನವಾಗಿ ಬಿಡಿಸಿ ಹೇಳಿದಳು. ನಿನಗೂ ಹೇಳುತ್ತೇನೆ, ನಿನ್ನ ಸೊಸೆಯೂ ಒಂದು ಕಾರ್ಡು ಇಟ್ಟುಕೊಂಡಿದ್ದಾಳಲ್ಲ. ತಿಂಗಳಿಡೀ ಖರ್ಚು ಮಾಡಿ, ಬಿಲ್ಲು ಬಂದ ಮೇಲೆ ಗಡುವಿನೊಳಗೆ ಪೂರ್ತಿ ಕಟ್ಟಿದರೆ ಬಡ್ಡಿಯೇ ಇಲ್ಲ. ನಾನು ಮಾಡುತ್ತಿದ್ದದ್ದು ಅದೇ. ಆದರೆ ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಎಂದು ಇನ್ನೊಂದು ಸಾಲಿರುತ್ತದೆ. ಇಷ್ಟೇ ಇಷ್ಟು ಕಟ್ಟಿದರೂ ಸಾಕು ಎಂದು ಪುಸಲಾಯಿಸುವ ಸಾಲು ಅದು. ಅಷ್ಟೇ ಕಟ್ಟಿದರೆ ಯಾರೂ ಬೈಯುವುದಿಲ್ಲ, ಉಳಿದದ್ದಕ್ಕೆ ಮಾತ್ರ ನೂರಕ್ಕೆ ಮೂರೂವರೆಯಂತೆ ತಿಂಗಳು ತಿಂಗಳೂ ಬಡ್ಡಿ ಬೆಳೆಯುತ್ತದೆ. ಇನ್ನು ಕಾರ್ಡು ಹಾಕಿ ನಗದು ತೆಗೆದರಂತೂ ಗಡುವು ಗಿಡುವು ಏನೂ ಇಲ್ಲ, ನೋಟು ಕೈಗೆ ಬಂದ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ. ಲಿಮಿಟ್ಟಿನಲ್ಲಿ ಎಷ್ಟು ಬಳಸಿದೆ, ಎಷ್ಟು ಉಳಿಸಿಕೊಂಡೆ, ಯಾವ ತಿಂಗಳು ತಪ್ಪಿದೆ ಎಂಬುದೆಲ್ಲ ಪ್ರತಿ ತಿಂಗಳೂ ಇನ್ನೊಂದು ಕಚೇರಿಗೆ ಹೋಗಿ ಸೇರುತ್ತದಂತೆ. ಅವರು ಅದಕ್ಕೆಲ್ಲ ಅಂಕ ಹಾಕಿ ಕೊಡುವುದೇ ಈ ರಿಪೋರ್ಟು.

“ನಗದು ತೆಗೆದವರು ಯಾರಮ್ಮ?”

“ಜೊತೆ ಕಾರ್ಡಿನಲ್ಲಿ ತೆಗೆದಿದಾರೆ ಮೇಡಂ. ಪ್ರತಿ ತಿಂಗಳ ಕೊನೇ ದಿನ, ಇಪ್ಪತ್ತೈದು ಸಾವಿರ. ಒಂದು ವರ್ಷದ ಮೇಲಾಯ್ತು.”

“ಆ ಕಾರ್ಡು ನಾನು ಬಳಸಿದ್ದಲ್ಲ.”

“ಜೊತೆ ಕಾರ್ಡಿಗೆ ಬೇರೆ ರಿಪೋರ್ಟ್ ಇರಲ್ಲ ಮೇಡಂ. ತೆಗೆದವರು ಯಾರಾದ್ರೂ ಆಗ್ಲಿ, ಹೆಸರು ನಿಮ್ಮದೇ.”

ಬಸ್ಸಿಗೆ ಕಾಯುತ್ತಾ ನಿಂತಾಗ ನನಗೆ ಹೊಳೆಯಿತು ಅಕ್ಕ. ತಿಂಗಳ ಕೊನೆಯ ದಿನ ಇಪ್ಪತ್ತೈದು ಸಾವಿರ. ಮರುದಿನ ಒಂದನೇ ತಾರೀಖು. ಒಂದನೇ ತಾರೀಖು ಇವರು ಸಂಬಳದ ಕವರನ್ನು ನನ್ನ ಕೈಗೆ ಕೊಡುವ ದಿನ. ಸಂಬಳ ಇಪ್ಪತ್ತೈದು ಸಾವಿರ.

ಸಂಜೆ ಇವರು ಎಂದಿನ ಹೊತ್ತಿಗೆ ಬಂದರು. ಕೀ ಗೊಂಚಲನ್ನು ಮೊಳೆಗೆ ಸಿಕ್ಕಿಸಿದರು. ಟೀ ಕೊಟ್ಟು ಕೇಳಿದೆ, “ಹೇಗಿತ್ತು ಇವತ್ತು?”

“ಹೂಂ, ಇದ್ದಿದ್ದೇ. ಆ ಕ್ಲಚ್ಚಮ್ಮ ಇವತ್ತು ಕ್ಲಚ್ಚು ಬಿಡೋ ಬದಲು ಚಪ್ಪಲಿ ಬಿಟ್ಟಳು. ಒಂದು ಚಪ್ಪಲಿ ಬ್ರೇಕಿನ ಕೆಳಗೆ ಸಿಕ್ಕಿಕೊಂಡು...”

ಕ್ಲಚ್ಚಮ್ಮ ಯಾರೆಂದು ನಿನಗೆ ಹೇಳಬೇಕು. ಇವರ ಹತ್ತಿರ ಕಾರು ಕಲಿಯುವ ಹೆಂಗಸು. ಇನ್ನೊಬ್ಬ ಹಾರ್ನ್ ಸಾಹೇಬ, ರಸ್ತೆ ಖಾಲಿಯಿದ್ದರೂ ಹಾರ್ನು ಹೊಡೆಯುವವನು. ಇವರಿಬ್ಬರ ಫಜೀತಿ ಕೇಳಿ ನಾನು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ಮರುದಿನ ಲ್ಯಾಬಿನಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ‘ಏನಂತೆ ನಿಮ್ಮ ಕ್ಲಚ್ಚಮ್ಮ?’ ಎಂದು ದೊಡ್ಡಯ್ಯನವರೂ ಕೇಳುವುದು ರೂಢಿಯಾಗಿತ್ತು.

“ರೀ, ನಾನು ಬ್ಯಾಂಕಿಗೆ ಹೋಗಿದ್ದೆ,” ಎಂದೆ.

ಲೋಟ ಹಿಡಿದ ಕೈ ಹಾಗೇ ನಿಂತಿತು. ಆಮೇಲೆ ಲೋಟ ಕೆಳಗಿಟ್ಟು, ಗೋಡೆ ನೋಡುತ್ತಾ ಎಲ್ಲ ಹೇಳಿದರು. ವರ್ಷಕ್ಕೊಮ್ಮೆ ಸ್ಕೂಲಿನವರು ಮಾಡಿಸುವ ಕಣ್ಣಿನ ಪರೀಕ್ಷೆಯಲ್ಲಿ, ಬಲಗಣ್ಣಿಗೆ ಪಕ್ಕದ್ದೇನೂ ಕಾಣಿಸುತ್ತಿಲ್ಲ ಎಂದು ಗೊತ್ತಾಯಿತಂತೆ. ಎಡಗಣ್ಣಿಗೂ ಶುರುವಾಗಿದೆಯಂತೆ. ಹೋದದ್ದು ವಾಪಸು ಬರುವುದಿಲ್ಲವಂತೆ. ಸ್ಕೂಲಿನವರು ಒಂದು ತಿಂಗಳ ಸಂಬಳ ಕೊಟ್ಟು ಕೈ ಮುಗಿದರು.

“ಯಾಕ್ರೀ ಹೇಳಲಿಲ್ಲ?”

“ಕಣ್ಣಿಲ್ಲದ ಮೇಷ್ಟ್ರು ಯಾರಿಗೆ ದಾರಿ ತೋರಿಸ್ತಾನೆ? ಬೇರೆ ಏನಾದ್ರೂ ಸಿಗುತ್ತೆ, ಸಿಕ್ಕಿದ ಮೇಲೆ ಹೇಳೋಣ ಅಂದ್ಕೊಂಡೆ. ಒಂದು ತಿಂಗಳು ಅಂತ ತೆಗೆದೆ. ಆಮೇಲೆ ಆ ತಿಂಗಳ ಮಿನಿಮಮ್ ಕಟ್ಟೋದಕ್ಕೆ ಇನ್ನಷ್ಟು ತೆಗೆದೆ. ಲಿಮಿಟ್ ಏರಿಸ್ತೀವಿ ಅಂದ್ರು, ಹೂಂ ಅಂತ ಒತ್ತಿದೆ. ಕೊನೆಗೆ ಕವರಿಗೆ ಬಿಟ್ಟು ಬೇರೆ ತೆಗೆಯೋದಕ್ಕೆ ಏನೂ ಉಳೀಲಿಲ್ಲ, ಕಟ್ಟೋದು ನಿಂತ್ಹೋಯ್ತು.”

“ದಿನಾ ಎಲ್ಲಿಗೆ ಹೋಗ್ತಿದ್ರಿ?”

“ದೊಡ್ಡಾಸ್ಪತ್ರೆ ಹೊರರೋಗಿಗಳ ಹಾಲ್‌ಗೆ. ಅಲ್ಲಿ ಎಷ್ಟೊತ್ತು ಕೂತ್ರೂ ಯಾರೂ ಯಾಕೆ ಅಂತ ಕೇಳಲ್ಲ.”

ಯಾಕೋ ನನ್ನ ಬಾಯಿಂದ ಮೊದಲು ಬಂದ ಮಾತು, “ಹಾಗಾದ್ರೆ ಕ್ಲಚ್ಚಮ್ಮ?”

“ಇಲ್ಲ ಕಣೇ,” ಎಂದರು. “ಅವಳು ಇಲ್ಲ.”

ಅಷ್ಟು ದೊಡ್ಡ ಸಾಲ ತಲೆ ಮೇಲೆ ಬಂದಿದೆ, ನಾನು ಅತ್ತದ್ದು ಇಲ್ಲದ ಹೆಂಗಸಿಗಾಗಿ. ನಗಬೇಡ.

ಸಾಕು, ಕಣ್ಣು ಮಂಜಾಗುತ್ತಿದೆ. ಒಳಗೆ ಇವರು ಮಲಗಿದ್ದಾರೆ, ನಿದ್ದೆ ಮಾಡುತ್ತಿಲ್ಲವೆಂದು ಗೊತ್ತು. ಏನಾದರೂ ಹೇಳು ಅಕ್ಕ. ನೀನು ಹೇಳಿದಂತೆ ಮಾಡುತ್ತೇನೆ.

ನಿನ್ನ,
ಸಣ್ಣಿ


೨೦ ಏಪ್ರಿಲ್

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ಪತ್ರ ಬಂದು ವಾರಗಳಾದವು, ತಡವಾಯಿತು, ಕೋಪ ಮಾಡಿಕೊಳ್ಳಬೇಡ. ‘ನನಗೆ ಇದರ ಸುಳಿವೇ ಇರಲಿಲ್ಲ, ಓದಿ ಕೈಕಾಲು ತಣ್ಣಗಾಯಿತು’ ಎಂದು ಬರೆದಿದ್ದೀಯ. ನನ್ನ ಕೈಕಾಲು ಇನ್ನೂ ಬೆಚ್ಚಗಾಗಿಲ್ಲ. ‘ಗಂಡನನ್ನು ಬಿಟ್ಟುಕೊಡಬೇಡ, ಹಣ ಇವತ್ತು ಹೋಗುತ್ತದೆ ನಾಳೆ ಬರುತ್ತದೆ’ ಎಂದಿದ್ದೀಯ. ಬಿಟ್ಟುಕೊಟ್ಟಿಲ್ಲ. ಅವರ ಬಟ್ಟೆ ಒಗೆಯುತ್ತೇನೆ, ಊಟ ಬಡಿಸುತ್ತೇನೆ. ಮಾತು ಮಾತ್ರ ಹೊರಡುವುದಿಲ್ಲ.

ಬ್ಯಾಂಕಿನ ಪರವಾಗಿ ವಸೂಲಿಯವರು ಫೋನ್ ಮಾಡಲು ಶುರುಮಾಡಿದ್ದಾರೆ. ಒಬ್ಬೊಬ್ಬರದೂ ಒಂದೊಂದು ರಾಗ. ಒಬ್ಬಳು ಜೇನು ಸುರಿಯುತ್ತಾಳೆ, ಒಬ್ಬ ಹಲ್ಲು ಕಡಿಯುತ್ತಾನೆ. ಹಲ್ಲು ಕಡಿಯುವವನಿಗೆ, ‘ಹಾಗೆ ಕಡಿದರೆ ಸವೆದುಹೋಗುತ್ತಪ್ಪ, ಆಮೇಲೆ ನನ್ನ ಹತ್ತಿರವೇ ಬರಬೇಕು’ ಎಂದು ಹೇಳಿಬಿಟ್ಟೆ. ಅವನಿಗೆ ಅರ್ಥವಾಗಲಿಲ್ಲ. ಕೊನೆಗೆ ಒಬ್ಬರು ಲ್ಯಾಬಿಗೇ ಬಂದರು. ಸುತ್ತ ಪ್ಲಾಸ್ಟರಿನ ದವಡೆಗಳು, ನಡುವೆ ಸ್ಟೂಲಿನ ಮೇಲೆ ಅವರು. ಮೆಲುದನಿಯ ಮನುಷ್ಯ.

“ಅಮ್ಮ, ಐದು ಲಕ್ಷ ಎಂಬತ್ತು ಸಾವಿರ ಯಾರಿಂದ ಆಗುತ್ತೆ? ಮೂರೂವರೆ ಕಟ್ಟಿ, ಸೆಟಲ್ ಮಾಡ್ಕೊಳ್ಳಿ. ಉಳಿದದ್ದು ನಾವು ಬಿಟ್ಬಿಡ್ತೀವಿ. ನೀವೂ ಕೈ ತೊಳ್ಕೊಳ್ಳಿ, ನಾವೂ ತೊಳ್ಕೋತೀವಿ.”

ಸುಳ್ಳು ಯಾಕೆ ಹೇಳಲಿ, ಬಾಯಲ್ಲಿ ನೀರೂರಿತು. ಮೂರೂವರೆ ಹೋದರೂ ನಮ್ಮ ಐದರಲ್ಲಿ ಒಂದೂವರೆ ಉಳಿಯುತ್ತದಲ್ಲ. ಮರುದಿನವೇ ಬ್ಯಾಂಕಿನ ಆ ತಂತಿಹಲ್ಲಿನ ಹುಡುಗಿಯನ್ನು ಕೇಳಿದೆ. ಅವಳು ಅತ್ತ ಇತ್ತ ನೋಡಿ ದನಿ ತಗ್ಗಿಸಿದಳು. “ನಾನು ಹೇಳಿದೆ ಅಂತ ಹೇಳ್ಬೇಡಿ ಮೇಡಂ. ಸೆಟಲ್ ಮಾಡ್ಕೊಂಡ್ರೆ ರಿಪೋರ್ಟಿನಲ್ಲಿ ‘ಪೂರ್ತಿ ಕಟ್ಟಿದಾರೆ’ ಅಂತ ಬರಲ್ಲ, ‘ಸೆಟಲ್ಡ್’ ಅಂತ ಬರುತ್ತೆ. ನೋಡೋಕೆ ಒಳ್ಳೇ ಮಾತು. ಸಾಲ ಕೊಡೋರು ಮಾತ್ರ ಅದನ್ನ ‘ಇವರು ಅರ್ಧಕ್ಕೆ ಕೈ ಎತ್ತಿದೋರು’ ಅಂತಲೇ ಓದ್ತಾರೆ. ವರ್ಷಗಟ್ಟಲೆ ಹೋಗಲ್ಲ. ನಿಮಗೆ ಲ್ಯಾಬ್ ಬೇಕೂ ಅಂದ್ರೆ ಪೂರ್ತಿ ಕಟ್ಟಿ.”

ಲ್ಯಾಬ್ ಬೇಕಿತ್ತು. ಹೋದ ವಾರ ಐದು ಲಕ್ಷವನ್ನೂ ಕಟ್ಟಿಬಿಟ್ಟೆ. ಬಡ್ಡಿ ಸೇರಿ ಇನ್ನೂ ಒಂದು ಲಕ್ಷದ ಹತ್ತಿರ ಉಳಿದಿದೆ. ಯೋಚಿಸಿ ನೋಡು ಅಕ್ಕ, ಇವರು ತಿಂಗಳು ತಿಂಗಳೂ ಕೊಟ್ಟ ಸಂಬಳ ಅಷ್ಟೂ ವಾಪಸು ಕೊಟ್ಟೆ. ಅದಕ್ಕೆ ಮೊದಲು ನಾವು ನಿಜವಾಗಿ ದುಡಿದು ಉಳಿಸಿದ್ದನ್ನೂ ಕೊಟ್ಟೆ. ಆದರೂ ಸಾಲದು. ನನ್ನದೇ ಹೆಸರಿನ ಸಾಲವನ್ನು ನನಗೇ ಸಂಬಳವೆಂದು ಕೊಟ್ಟರು, ನಾನು ಅದನ್ನು ಎಣಿಸಿ, ಖುಷಿಪಟ್ಟು, ಬ್ಯಾಂಕಿನಲ್ಲಿಟ್ಟೆ. ನಾನು ಇಟ್ಟದ್ದಕ್ಕೆ ಬ್ಯಾಂಕು ವರ್ಷಕ್ಕೆ ಕೊಟ್ಟ ಬಡ್ಡಿ, ಅವರು ತೆಗೆದದ್ದಕ್ಕೆ ಅದೇ ಬ್ಯಾಂಕು ಒಂದು ತಿಂಗಳಿಗೆ ಕಿತ್ತುಕೊಂಡ ಬಡ್ಡಿಗೆ ಸಮವಲ್ಲ.

ಕಟ್ಟಿ ಬಂದವಳು, “ಈಗ ಸ್ಕೋರ್ ಎಷ್ಟಾಗುತ್ತಮ್ಮ?” ಎಂದೆ. “ನಿಧಾನಕ್ಕೆ ಏರುತ್ತೆ ಮೇಡಂ. ಆದ್ರೆ ತಪ್ಪಿದ ತಿಂಗಳುಗಳು ಅಳಿಸೋದಿಲ್ಲ, ಕಾಣ್ತಾನೇ ಇರ್ತವೆ.” ಆ ರಸೀದಿ ಹಿಡಿದುಕೊಂಡು ಇನ್ನೂ ಮೂರು ಬ್ಯಾಂಕಿಗೆ ಅರ್ಜಿ ಹಾಕಿದೆ. ಮೂರರಲ್ಲೂ ಇಲ್ಲವೆಂದರು. ಆಮೇಲೆ ತಿಳಿಯಿತು, ಅರ್ಜಿ ಹಾಕಿದಾಗಲೆಲ್ಲ ಅವರು ನನ್ನ ರಿಪೋರ್ಟು ತೆಗೆಸಿ ನೋಡುತ್ತಾರೆ, ಹಾಗೆ ಸಾಲಸಾಲಾಗಿ ನೋಡಿದ್ದಕ್ಕೂ ಅಂಕ ಇಳಿಯುತ್ತದೆ! ಬಾಗಿಲು ತಟ್ಟಿದ ತಪ್ಪಿಗೆ ಇನ್ನಷ್ಟು ದೂರ ನಿಲ್ಲು ಎಂದ ಹಾಗೆ. ಸಿಟ್ಟಿಗೆದ್ದು ಆ ಕಾರ್ಡನ್ನೇ ರದ್ದು ಮಾಡಿ ಎಂದರೆ, “ಬೇಡ ಮೇಡಂ, ಅದು ನಿಮ್ಮ ಹಳೇ ಕಾರ್ಡು. ಬಾಕಿ ತೀರಿಸಿ, ಸಣ್ಣಪುಟ್ಟದ್ದಕ್ಕೆ ಬಳಸಿ, ಸರಿಯಾಗಿ ಕಟ್ತಾ ಹೋದ್ರೆ ಅದೇ ನಿಮ್ಮನ್ನ ಎತ್ತೋದು,” ಎನ್ನುತ್ತಾಳೆ. ಕಚ್ಚಿದ ಹಾವನ್ನೇ ಹಾಲೆರೆದು ಸಾಕಿಕೋ ಅಂತಾಳಲ್ಲ ಎಂದು ಬೈದುಕೊಂಡು ಬಂದೆ. ಜೊತೆ ಕಾರ್ಡನ್ನು ಮಾತ್ರ ರದ್ದು ಮಾಡಿಸಿದೆ. ಇವರು ಅದನ್ನು ತಾವೇ ತಂದು ನನ್ನ ಅಂಗೈಯಲ್ಲಿಟ್ಟರು. ಹಲ್ಲು ಕೀಳಿಸಿಕೊಂಡ ಮಗು ಆ ಹಲ್ಲನ್ನು ತಂದು ತೋರಿಸುವ ಹಾಗೆ ನಿಂತಿದ್ದರು. ನಾನು ಮುಖ ನೋಡಲಿಲ್ಲ.

ಇವರು ಕೆಲಸ ಹುಡುಕುತ್ತಿದ್ದಾರೆ. ಒಂದು ಅಂಗಡಿ ಸಾಲಿನ ಪಾರ್ಕಿಂಗಿನಲ್ಲಿ ಚೀಟಿ ಕೊಡುವ ಕೆಲಸ ಸಿಕ್ಕಿತ್ತು. ಎರಡನೇ ವಾರವೇ, ಬಲಗಡೆಯಿಂದ ಬಂದ ಗಾಡಿ ಕಾಣದೆ ಮೊಣಕೈಗೆ ತಗುಲಿತು. ಕೆಲಸ ಬಿಟ್ಟುಬಿಡಿ ಎಂದರು ಅಲ್ಲಿಯವರು.

ದೊಡ್ಡಯ್ಯನವರಿಗೆ ಎಲ್ಲ ಹೇಳಿದೆ. ಮುಚ್ಚಿಟ್ಟು ಏನು ಮಾಡಲಿ? ಅವರು ಕನ್ನಡಕ ತೆಗೆದು ಒರೆಸಿಕೊಂಡು, “ನಾನು ಕಾಯ್ತೀನಮ್ಮ, ಆದ್ರೆ ನನ್ನ ಕೈ ಕಾಯಲ್ಲ,” ಎಂದರು. ಮಳೆಗಾಲ ಮುಗಿಯುವವರೆಗೆ ನೋಡೋಣ ಎಂದಿದ್ದಾರೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ನನ್ನ ಮುಂದೆ ಹಲ್ಲು ರಾಶಿ ರಾಶಿ ಬಿದ್ದಿವೆ.

ನಿನಗೆ ಬರೆದರೆ ಎದೆ ಸ್ವಲ್ಪ ಹಗುರಾಗುತ್ತದೆ. ಇಷ್ಟು ಬರೆದುದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಇನ್ನು ಯಾರ ಹತ್ತಿರ ಹೇಳಲಿ?

ನಿನ್ನ,
ಸಣ್ಣಿ


೧೭ ಆಗಸ್ಟ್

ಅಕ್ಕನಿಗೆ,

ನಮಸ್ಕಾರ. ನಾನು ಬರೆಯದೆ ಬಹಳ ದಿನವಾಯಿತು. ಮೈ ಹುಷಾರಾಗಿಯೇ ಇದೆ. ಬರೆಯುವಂಥದ್ದು ಏನೂ ಇರಲಿಲ್ಲ ಎಂದಲ್ಲ.

ಲ್ಯಾಬು ಮಾರಾಟವಾಯಿತು. ಬೇರೆ ಬೇರೆ ಊರುಗಳಲ್ಲಿ ಇಂಥವೇ ಲ್ಯಾಬುಗಳಿರುವ ಒಂದು ಕಂಪನಿ ತೆಗೆದುಕೊಂಡಿತು. ಜೂನ್ ಮೊದಲ ವಾರದಲ್ಲಿ ದೊಡ್ಡಯ್ಯನವರು ಒಂದು ಮಧ್ಯಾಹ್ನ ಮೇಣದ ಚಾಕು ಕೈಜಾರಿ, ಹೆಬ್ಬೆರಳು ಕುಯ್ದುಕೊಂಡರು. ಬಟ್ಟೆ ಸುತ್ತಿ ಕೂರಿಸಿದೆ. ರಕ್ತ ನಿಂತ ಮೇಲೆ, “ನಾಳೆ ಅವರಿಗೆ ಹೂಂ ಅಂತೀನಿ. ನನ್ನ ಮೇಲೆ ಬೇಜಾರು ಬೇಡಮ್ಮ,” ಎಂದರು. ಬೇಜಾರು ಹೇಗೆ ಮಾಡಿಕೊಳ್ಳಲಿ? ಇಪ್ಪತ್ತು ವರ್ಷ ಅನ್ನ ಕೊಟ್ಟವರು. ಹೊರಡುವ ದಿನ ಒಲೆಯನ್ನು ಒಮ್ಮೆ ಮುಟ್ಟಿ ನೋಡಿ, ಆರಿದೆಯೇ ಎಂದು ಖಾತ್ರಿ ಮಾಡಿಕೊಂಡು, ಎಂದಿನ ಹಾಗೇ ಮೆಟ್ಟಿಲಿಳಿದು ಹೋದರು.

ಹೊಸಬರು ನನ್ನನ್ನು ತೆಗೆದುಹಾಕಲಿಲ್ಲ. ‘ನಿಮ್ಮ ಕೈಕೆಲಸ ಕೇಳಿ ಬಲ್ಲೆವು, ಇಡೀ ಲ್ಯಾಬಿನ ಮೇಲ್ವಿಚಾರಣೆ ನೀವೇ ನೋಡಿಕೊಳ್ಳಿ’ ಎಂದು ಮ್ಯಾನೇಜರು ಬಾಯಿತುಂಬ ಹೇಳಿದರು. ನಿಜ ಹೇಳಲೇ ಅಕ್ಕ, ಅವತ್ತು ಮನೆಗೆ ಬಂದು ಇವರ ಜೊತೆ ಮೊದಲ ಸಲ ಸರಿಯಾಗಿ ಮಾತಾಡಿದೆ. ಇವರು ಎದ್ದು ಕೂತರು, ತಟ್ಟೆಯಲ್ಲಿ ಎರಡನೇ ಸಲ ಹಾಕಿಸಿಕೊಂಡರು. ಒಡೆಯಳಾಗದಿದ್ದರೂ ನನ್ನ ಕೈಕೆಳಗೇ ನಡೆಯುತ್ತದಲ್ಲ ಎಂದುಕೊಂಡೆ. ಸಂಬಳ ಹೆಚ್ಚು, ಬಾಕಿ ಬೇಗ ತೀರುತ್ತದೆ.

ಹತ್ತು ದಿನದ ಮೇಲೆ ಮ್ಯಾನೇಜರು ಕರೆದರು. ನನ್ನ ಮುಖ ನೋಡಲಿಲ್ಲ. “ಮೇಡಂ, ಮೇಲ್ವಿಚಾರಕರ ಕೈಲಿ ಖರೀದಿ ಹಣ, ಚಿನ್ನದ ಕ್ಯಾಪಿನ ದಾಸ್ತಾನು ಎಲ್ಲ ಇರುತ್ತೆ. ಅಂಥ ಹುದ್ದೆಗೆ ಕಂಪನಿ ಕ್ರೆಡಿಟ್ ರಿಪೋರ್ಟ್ ನೋಡುತ್ತೆ. ನೀವೇ ಒಪ್ಪಿಗೆಗೆ ಸಹಿ ಹಾಕಿದ್ರಲ್ಲ. ನನಗೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಮೇಲಿನವರು ಒಪ್ಪಲ್ಲ.”

“ಸಾರ್, ದೊಡ್ಡಯ್ಯನವರ ಕಾಲದಲ್ಲಿ ಆ ಚಿನ್ನದ ಬೀರುವಿನ ಕೀ ನನ್ನ ಕೊರಳಲ್ಲೇ ಇರ್ತಿತ್ತು,” ಎಂದೆ.

“ಗೊತ್ತು ಮೇಡಂ,” ಎಂದರು. ಕೈ ಚಾಚಿದರು. ಕೀ ಬಿಚ್ಚಿ ಕೊಟ್ಟೆ.

ಈಗ ಹಲ್ಲನ್ನು ಮೆಷಿನ್ನು ಕೊರೆಯುತ್ತದೆ. ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದರೆ ಬಿಳಿ ಗಟ್ಟಿಯೊಳಗಿಂದ ದವಡೆ ಹಲ್ಲು ಎದ್ದು ಬರುತ್ತದೆ. ಚೆನ್ನಾಗಿಯೇ ಇರುತ್ತದೆ, ಹೊಟ್ಟೆಕಿಚ್ಚಿಗೆ ಹಳಿಯುವುದಿಲ್ಲ. ನನ್ನನ್ನು ಕಿಟಕಿ ಪಕ್ಕದಿಂದ ಎಬ್ಬಿಸಿ, ಹಿಂದಿನ ಕೋಣೆಯಲ್ಲಿ ಪಾಲಿಶ್ ಮಾಡಲು ಕೂರಿಸಿದ್ದಾರೆ. ಧೂಳು ಎಳೆಯುವ ಫ್ಯಾನಿನ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ಅದೊಂದು ವಾಸಿ.

ಇವರ ಎಡಗಣ್ಣೂ ಕಡಿಮೆಯಾಗುತ್ತಿದೆ. ಹಾಕುವ ಔಷಧಿ ಇದ್ದಷ್ಟನ್ನು ಕಾಪಾಡುತ್ತದೆ, ಅಷ್ಟೇ. ಈಗ ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತಾರೆ. ಲಿಮಿಟ್ಟನ್ನು ಬ್ಯಾಂಕಿನವರು ಇಳಿಸಿದ್ದಾರೆ. ಪ್ರತಿ ತಿಂಗಳೂ ಕನಿಷ್ಠ ಮೊತ್ತಕ್ಕಿಂತ ಹೆಚ್ಚು ಕಟ್ಟುತ್ತಿದ್ದೇನೆ, ಔಷಧಿ ತಂದ ತಿಂಗಳು ಬರೀ ಕನಿಷ್ಠ. ಹಾಗೆ ಕಟ್ಟಿದರೆ ಏನಾಗುತ್ತದೆಂದು ಈಗ ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅಷ್ಟೇ ಕಟ್ಟುತ್ತೇನೆ.

ನಿನ್ನ ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ನಿಲ್ಲಿಸಬೇಡ. ಸೊಸೆಗೆ, ಮೊಮ್ಮಗುವಿಗೆ ನನ್ನ ಆಶೀರ್ವಾದ ತಿಳಿಸು. ದೇವರು ನಿನ್ನನ್ನು ಗಟ್ಟಿಯಾಗಿ ಇಟ್ಟಿರಲಿ, ಎಲ್ಲರೂ ನಗುನಗುತ್ತಾ ಇರಿ.

ಇತಿ,
ಸಣ್ಣಿ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಬರೆಯಲೋ ಬೇಡವೋ ಎಂದು ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಹೋದ ಭಾನುವಾರ ಇವರ ಕಣ್ಣಿಗೆ ಔಷಧಿ ಬಿಡುತ್ತಿದ್ದೆ. ತಲೆ ನನ್ನ ತೊಡೆಯ ಮೇಲಿತ್ತು. ಕಣ್ಣು ಮುಚ್ಚಿಕೊಂಡೇ ಹೇಳಿದರು. ಕೆಲಸ ಹೋದ ವಾರವೇ ಬಸ್ಸು ಹತ್ತಿ ನಿನ್ನ ಮನೆಗೆ ಬಂದಿದ್ದರಂತೆ. ನನಗೆ ಹೇಗೆ ಹೇಳಲಿ ಎಂದು ನಿನ್ನನ್ನು ಕೇಳಿ ಅತ್ತರಂತೆ. ನೀನು, “ಈಗಲೇ ಹೇಳಬೇಡಿ, ಲ್ಯಾಬಿನ ಮೇಲೆ ಜೀವ ಇಟ್ಕೊಂಡಿದಾಳೆ, ಒಡೆದುಹೋಗ್ತಾಳೆ. ಅದು ಕೈಗೆ ಬರೋವರೆಗೆ ಹೇಗಾದ್ರೂ ಮಾಡಿ ಒಂದನೇ ತಾರೀಖು ಕವರ್ ಕೊಡ್ತಾ ಇರಿ. ಕೆಲಸದ ವಿಷಯ ಕೇಳಿದ್ರೆ ಏನಾದ್ರೂ ಹೇಳಿ ನಗಿಸಿ. ಅವಳು ನಕ್ಕಳು ಅಂದ್ರೆ ಮುಂದೆ ಕೇಳಲ್ಲ,” ಎಂದೆಯಂತೆ. ಕಾರ್ಡಿನಿಂದ ತೆಗೆಯುತ್ತಾರೆಂದು ನಿನಗೆ ಗೊತ್ತಿರಲಿಕ್ಕಿಲ್ಲ. ನನ್ನ ಮೇಲಿನ ಪ್ರೀತಿಗೇ ಹೇಳಿರುತ್ತೀಯ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದಾದ ಮೇಲೆ ನೀನು ಎರಡು ಸಲ ನಮ್ಮ ಮನೆಗೆ ಬಂದು, ನನ್ನ ಪಕ್ಕದಲ್ಲೇ ಮಲಗಿ, ಲ್ಯಾಬಿನ ಗೋಡೆಗೆ ಯಾವ ಬಣ್ಣ ಹಚ್ಚಿಸುತ್ತೀ ಎಂದು ಕೇಳಿದ್ದೆಯಲ್ಲ ಅಕ್ಕ. ಇವರು ಹೇಳಿದ ಸುಳ್ಳನ್ನು ಹೇಗೋ ನುಂಗಿಕೊಂಡೆ, ಇದು ಗಂಟಲಿನಿಂದ ಕೆಳಗೆ ಇಳಿಯುತ್ತಿಲ್ಲ. ವಾರವೆಲ್ಲ ಇದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಎಂದು ಒದ್ದಾಡಿದೆ. ಹುಟ್ಟಿದಾಗಿನಿಂದ ನನಗೆ ಹೇಳಿಕೊಳ್ಳಲು ಇರುವವಳು ನೀನೊಬ್ಬಳೇ. ಅದಕ್ಕೇ ನಿನಗೆ ಬರೆದೆ.